ಬಗೆಹರಿ

ಕೋರ್ಟಿನಲ್ಲಿ ನನ್ನದು ಬೆರಳಿನ ಕೆಲಸ.
ಪಾಂಡವಪುರ, ಮೊದಲನೇ ಮಹಡಿ, ಕಿಟಕಿ ಪಕ್ಕದ ಕಂಪ್ಯೂಟರು.
ಸಾಹೇಬರು ಹೇಳುತ್ತಾರೆ, ನಾನು ಒತ್ತುತ್ತೇನೆ.
ಕೊನೆಯ ಸಾಲು ಅವರು ಹೇಳಬೇಕಾಗಿಯೂ ಇಲ್ಲ,
ಒಂದೇ ಕೀಲಿಗೆ ಕಟ್ಟಿಟ್ಟಿದ್ದೇನೆ ಅದನ್ನು:
‘ಸದರಿ ಪ್ರಕರಣವನ್ನು ಇತ್ಯರ್ಥಪಡಿಸಲಾಗಿದೆ.’
ಲೋಕ ಅದಾಲತ್ತಿನ ಶನಿವಾರ
ಊಟದ ಹೊತ್ತಿಗೆ ಅರವತ್ತು ಸಲ.

ಹೈಸ್ಕೂಲಿನ ಸಂಸ್ಕೃತದ ಮೇಷ್ಟ್ರು ಹೇಳುತ್ತಿದ್ದರು,
ಇತಿ ಅರ್ಥ, ಹೀಗೆಂದು ಅರ್ಥ;
ಶ್ಲೋಕ ಬಿಡಿಸಿ ಪುಸ್ತಕ ಮುಚ್ಚುವಾಗಿನ ಮಾತು.
ಯಾರಿಗೆ ಅರ್ಥವಾಯಿತು ಅಂತ ಮಾತ್ರ ಅದರಲ್ಲಿ ಇಲ್ಲ.
ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ಮುದುಕನೊಬ್ಬ
ನನ್ನ ಮೇಜಿನ ಹತ್ತಿರ ನಿಲ್ಲುತ್ತಾನೆ, ‘ಏನಾಯ್ತವ್ವ ನಂದು?’
‘ಇತ್ಯರ್ಥವಾಯ್ತು ತಾತ.’
‘ಅಂದ್ರೆ?’

ಅಂದರೆ.
ನಮ್ಮವ್ವ ಜವರಮ್ಮನ ಬಾಯಿಗೆ ಈ ಮಾತು ಹತ್ತುವುದಿಲ್ಲ.
ಅವಳದು ಬಗೆಹರಿ.
ಬಗೆಹರೀತಾ ಕೂಸೆ, ಬಗೆಹರೀತದೆ ಬುಡು,
ಬಗೆಹರೀನಿಲ್ಲ ಅಂದ್ರೆ ನಾಳೀಕೆ ನೋಡುಮ.
ನೆರೆಮನೆಯ ಜಗಳ, ಸಿಕ್ಕಾದ ನೂಲಿನುಂಡೆ,
ಕರು ಹಾಕಲಾರದೆ ಹಸು ನಿಂತ ರಾತ್ರಿ,
ಎಲ್ಲಕ್ಕೂ ಅದೊಂದೇ.

ಹರಿ ಅನ್ನುವುದನ್ನು ಎಷ್ಟು ದುಡಿಸುತ್ತಾಳೆ!
ನಾಲೆ ಹರೀತು. ಕುಪ್ಪಸದ ಕಂಕುಳು ಹರೀತು.
ಬದಿನ ಮ್ಯಾಲೆ ಹಾವು ಹರೀತು, ನೋಡ್ಕಂಡು ಹೋಗು.
ಬೆಳಕು ಹರೀತು, ಏಳು.

ಅಪ್ಪ ನೀರುಗಂಟಿ. ಅದಕ್ಕೇ ಇರಬೇಕು.
ಕಟ್ಟುನೀರಿನ ದಿನ ಇರುಳು ಎರಡು ಗಂಟೆಗೆ
ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ತೂಬಿನ ಮೇಲೆ ಕುಕ್ಕರಗಾಲು;
ಆ ಕಡೆ ಐದು ಜನ, ಈ ಕಡೆ ಐದು ಜನ, ಅವರ ಬಾಯಿ.
ಅಪ್ಪ ಮಾತಾಡುತ್ತಿರಲಿಲ್ಲ.
ಗುದ್ದಲಿಯಿಂದ ಒಂದು ಹೆಂಟೆ ಕಿತ್ತು ಅತ್ತ ಇಡುತ್ತಿದ್ದ.
ನೀರು ಗಳಿಗೆಹೊತ್ತು ನಿಂತು
ಹೊರಳುತ್ತಿತ್ತು.
ಬೆಳಗ್ಗೆ ಕಾಫಿ ಕೊಡುತ್ತ ಅವ್ವ, ‘ಬಗೆಹರೀತಾ?’
‘ಹೂಂ, ಹರೀತು.’
ಒಮ್ಮೊಮ್ಮೆ ಅಂಗಿಯ ತೋಳೂ ಹರಿದಿರುತ್ತಿತ್ತು.

ಅಪ್ಪ ಹೋಗಿ ಮೂರು ವರ್ಷ.
ಯುಗಾದಿಯ ಮಾರನೇ ದಿನ ಅಣ್ಣ ಚೆಲುವರಾಜ
ಒಂದು ಹಾಳೆ ತಂದ. ಹಕ್ಕು ಖುಲಾಸೆ ಪತ್ರ.
ನಾಲೆ ಕೆಳಗಿನ ಇಪ್ಪತ್ತೊಂದು ಗುಂಟೆ,
ಅದರಲ್ಲಿ ನನ್ನದು ಏಳು.
ಸ್ವಇಚ್ಛೆಯಿಂದ ಅನ್ನುವ ಕಡೆ ‘ಸ್ವಇಚ್ಚೆ’ ಎಂದಿತ್ತು,
ಬೆರಳಿಗೆ ಮೊದಲು ಕಂಡದ್ದೇ ಆ ತಪ್ಪು.
ಸೀರೆ ತಂದಿದ್ದ, ಅಚ್ಚುಬೆಲ್ಲ ತಂದಿದ್ದ,
ನಾನು ಪೆನ್ನು ಹುಡುಕದ್ದು ನೋಡಿ
ಮೆಲ್ಲಗೆ ಅಂದ: ‘ಉಂಡ ಮನೆಗೆ ಎರಡು ಬಗೀಬ್ಯಾಡ ಕಣಮ್ಮಿ.’

ಬಗೆ. ಅಲ್ಲೂ ಅದೇ ಬಗೆ.
ಮನಸ್ಸಿಗೂ ಬಗೆ, ದ್ರೋಹಕ್ಕೂ ಬಗೆ,
ಮಣ್ಣು ಬಗೆದು ಗೆಣಸು ಕೀಳುವುದಕ್ಕೂ.
ನನ್ನದೊಂದು, ಅವನದೊಂದು, ಎರಡು ಇದ್ದೇ ಇದೆಯಲ್ಲ,
ಇಲ್ಲದಿದ್ದರೆ ಹರಿಯುವುದಾದರೂ ಏನು?
ಇದನ್ನೆಲ್ಲ ಅಂದೆನೆ? ಇಲ್ಲ. ‘ನೋಡ್ತೀನಿ’ ಅಂದೆ.
ಹೆಣ್ಣುಮಕ್ಕಳು ಕೊಡಬಲ್ಲ ತಡೆಯಾಜ್ಞೆ ಅದೊಂದೇ, ನೋಡ್ತೀನಿ.

ಆಮೇಲೆ ಐದು ತಿಂಗಳು
ಹಾಳೆ ನನ್ನ ಬುತ್ತಿಚೀಲದ ಒಳಜೇಬಿನಲ್ಲಿ.
ಚಿತ್ರಾನ್ನದ ಎಣ್ಣೆ ಹಿಡಿದು ‘ಸ್ವಇಚ್ಚೆ’ಯ ಹಿಂದಿನಿಂದ
ಬೆಳಕು ಕಾಣುತ್ತದೆ.
ಮಡಿಕೆಯ ಗೆರೆಯಲ್ಲಿ ತಾನಾಗಿ ಬಿಟ್ಟಿದೆ, ಒಂದು ಅಕ್ಷರದಷ್ಟು.
ನಾನು ಎಳೆದಿಲ್ಲ. ಅಂಟಿಸಿಯೂ ಇಲ್ಲ.

ನಿನ್ನೆ ಊರಿಗೆ ಹೋದೆ.
ಅಣ್ಣ ಗದ್ದೆಯಲ್ಲಿದ್ದ; ಕೈ ಎತ್ತಿದ, ಕರೆಯಲಿಲ್ಲ.
ಕಟ್ಟುನೀರು ಬಿಟ್ಟ ಮೊದಲ ದಿನ,
ಏಳು ಎಲ್ಲಿ ಮುಗಿದು ಹದಿನಾಲ್ಕು ಎಲ್ಲಿ ಶುರು
ಎನ್ನುವುದೇ ತಿಳಿಯದ ಹಾಗೆ ನೀರು ಕೂತಿತ್ತು.
ನೋಡಲು ಚೆಂದವೇ.
ನೀರಿಗೆ ಪಹಣಿ ಬೇಡ. ನನಗೆ ಬೇಕು.

ಜಗಲಿಯಲ್ಲಿ ಹುರುಳಿ ಕೇರುತ್ತಿದ್ದ ಅವ್ವ
ಮೊರದಿಂದ ಕಣ್ಣೆತ್ತಲಿಲ್ಲ. ‘ಬಗೆಹರೀತಾ?’
ಕೀಲಿಯ ಸಾಲು ಬೆರಳ ತುದಿಗೆ ಬಂದಿತ್ತು,
ಒತ್ತಲಿಲ್ಲ.
ಒಂದು ಹಿಡಿ ನನ್ನ ಮಡಿಲಿಗೂ ಸುರಿದುಕೊಂಡು
ಕಲ್ಲು ಆರಿಸುತ್ತ ಅಂದೆ,
‘ಹರೀತಾ ಅದೆ ಕನವ್ವ.’

ಎರಡು ಸಲ ಮೊರ ಕೊಡವಿದಳು. ಹೊಟ್ಟು ಹಾರಿತು.
‘ನಂದೂ ಏಳು ಗುಂಟೆ ಅದೆ ಅದ್ರಲ್ಲಿ.
ನನ್ನ ಯಾರೂ ಕೇಳ್ನಿಲ್ಲ.’